ಗೆದ್ದೆತ್ತಿನ ಬಾಲ ಹಿಡಿಯುವವರು ಯಾರು? ‘ನಿಜವಾದ ಫ್ಯಾನ್’ ಫಾರ್ವರ್ಡ್ ಹೇಳದ ಮಾತು

ಈ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆಂಪು ಹಿನ್ನೆಲೆ, ಅದರ ಮೇಲೊಂದು ಸಿಂಹ, ಕೆಳಗೆ ಉದ್ದನೆಯ ಬರಹ. ತಾತ್ಪರ್ಯ ಇಷ್ಟು: ತಂಡ ಸೋಲುವಾಗ ಜೊತೆಗಿದ್ದವನೇ ನಿಜವಾದ ಫ್ಯಾನ್. ಗೆದ್ದ ಮೇಲೆ ಬಂದು ಸೇರಿಕೊಂಡವನು ಗೆಳೆತನದಲ್ಲೂ ಸಂಸಾರದಲ್ಲೂ ಹಾಗೆಯೇ ಕೈ ಕೊಡುತ್ತಾನೆ. ‘ಇದನ್ನು ಮನೋವಿಜ್ಞಾನ ಸಾಬೀತು ಮಾಡಿದೆ.’ ಹತ್ತು ಜನರಿಗೆ ಕಳಿಸಿ.

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ನೆಂಟರ ಗುಂಪುಗಳಲ್ಲಿ ಇಂಥ ಬರಹಗಳು ಸುತ್ತಿ ಸುತ್ತಿ ಬಂದಿವೆ. ಒಂದೊಂದು ಸಲ ಹೆಸರು ಹಿಡಿದೇ ಬೈಯುತ್ತಾರೆ. ನಮ್ಮ ಮನೆಯಲ್ಲಿ ಬೈಸಿಕೊಂಡವರು ಸಿಂದಗಿಯ ನಮ್ಮ ಕಾಕಾ. ಐಪಿಎಲ್ ಅಂದರೆ ಮೂಗು ಮುರಿಯುತ್ತಿದ್ದವರು, ಟಿವಿ ಸೀರಿಯಲ್‌ಗೆ ಅಡ್ಡ ಬರುತ್ತದೆ ಅಂತ ರಿಮೋಟ್ ಕಸಿದುಕೊಳ್ಳುತ್ತಿದ್ದವರು. ಆ ರಾತ್ರಿ ಗುಂಪಿನಲ್ಲಿ ಮೊದಲು ಬಂದ ಸಂದೇಶ ಅವರದ್ದೇ: ‘ಗೆದ್ವಿ! ಕಪ್ ನಮ್ದಾತು!’

‘ಕಾಕಾ, ನೀವು ಯಾವಾಗಿಂದ ಆರ್‌ಸಿಬಿ ಫ್ಯಾನ್ ಆದ್ರಿ?’ ಅಂತ ಕೇಳಿದೆವು.

‘ಹುಟ್ಟಿದಾಗಿಂದ ಅದೀನಿ ತಮ್ಮಾ, ನಿಮಗ ಹೇಳಿದ್ದಿಲ್ಲ ಅಷ್ಟ.’

ತಂಡ ಹುಟ್ಟಿದ್ದು 2008ರಲ್ಲಿ. ಕಾಕಾ ಅದಕ್ಕಿಂತ ಬಹಳ ಹಿರಿಯರು.

ಇಂಥವರಿಗೆ ನಮ್ಮ ಭಾಷೆಯಲ್ಲಿ ಹಳೆಯ ಹೆಸರೇ ಇದೆ: ಗೆದ್ದೆತ್ತಿನ ಬಾಲ ಹಿಡಿಯುವವರು. ಕಾರಹುಣ್ಣಿಮೆಯ ಸಂಜೆ ಅಗಸಿ ಮುಂದೆ ಎತ್ತುಗಳನ್ನು ಓಡಿಸಿ ಕರಿ ಹರಿಯುವುದನ್ನು ಕಂಡವರಿಗೆ ಈ ಮಾತು ಎಲ್ಲಿಂದ ಬಂತು ಎಂದು ಬಿಡಿಸಿ ಹೇಳಬೇಕಿಲ್ಲ. ಓಟಕ್ಕೆ ಮುಂಚೆ ಎತ್ತಿನ ಹತ್ತಿರ ಅದರ ಒಡೆಯ, ಅವನ ಮಕ್ಕಳು ಬಿಟ್ಟರೆ ಯಾರೂ ಇರುವುದಿಲ್ಲ. ಕರಿ ಹರಿದ ಮರುಗಳಿಗೆ ಗುಲಾಲು ಎರಚುವವರು, ಹಾರ ಹಾಕುವವರು, ‘ಇದರ ಮೈಕಟ್ಟು ನೋಡಿ ಮೊದಲೇ ಹೇಳಿದ್ದೆ’ ಅನ್ನುವವರು ಊರು ತುಂಬ. ಇಂಗ್ಲಿಷಿನವರು ಇದನ್ನೇ ‘ಬ್ಯಾಂಡ್‌ವ್ಯಾಗನ್’ ಅನ್ನುತ್ತಾರೆ. ಸರ್ಕಸ್ ಮೆರವಣಿಗೆಯಲ್ಲಿ ವಾದ್ಯದವರನ್ನು ಹೊತ್ತು ಹೋಗುವ ಬಂಡಿ ಅದು, ಜನ ಹತ್ತಲು ಹಾತೊರೆಯುವ ಬಂಡಿ. ನಮ್ಮ ಎತ್ತಿನ ಬಾಲವೇ ವಾಸಿ ಅನ್ನಿಸುತ್ತದೆ, ಒದೆ ಬೀಳುವ ಸಾಧ್ಯತೆಯೂ ಆ ಮಾತಿನಲ್ಲಿದೆ.

ಸರಿ, ಫಾರ್ವರ್ಡ್ ಹೇಳುವುದು ನಿಜವೇ? ಗೆದ್ದಾಗ ಬರುವವರು ಬೇರೆ ಜಾತಿಯ ಜನರೇ?

ಸೋಮವಾರದ ಅಂಗಿ

ಈ ವಿಷಯದಲ್ಲಿ ಎಲ್ಲರೂ ಹೆಸರಿಸುವ ಸಂಶೋಧನೆ 1976ರದ್ದು. ಅಮೆರಿಕದ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು ಏಳು ವಿಶ್ವವಿದ್ಯಾಲಯಗಳಲ್ಲಿ ಒಂದು ಸರಳ ಲೆಕ್ಕ ಹಾಕಿದರು. ಅಲ್ಲಿ ಕಾಲೇಜು ಫುಟ್‌ಬಾಲ್ ಪಂದ್ಯ (ಕೈಯಲ್ಲಿ ಚೆಂಡು ಹಿಡಿದು ಓಡುವ ಅವರ ಫುಟ್‌ಬಾಲ್) ಶನಿವಾರ ನಡೆಯುತ್ತದೆ. ಸೋಮವಾರ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ತಮ್ಮ ಕಾಲೇಜಿನ ಹೆಸರು, ಗುರುತು ಇರುವ ಅಂಗಿ, ಜಾಕೆಟ್ ಹಾಕಿದ್ದಾರೆ ಎಂದು ಎಣಿಸಿದರು. ತಂಡ ಗೆದ್ದ ವಾರ ಅಂಥ ಅಂಗಿಗಳು ಹೆಚ್ಚು. ಸೋತ ವಾರ ಕಡಿಮೆ.

ಎರಡನೆಯ ಪ್ರಯೋಗ ಇನ್ನೂ ಸ್ವಾರಸ್ಯದ್ದು. ವಿದ್ಯಾರ್ಥಿಗಳಿಗೆ ಫೋನ್ ಮಾಡಿ, ‘ಆ ಪಂದ್ಯ ಏನಾಯಿತು?’ ಎಂದು ಕೇಳಿದರು. ಗೆದ್ದ ಪಂದ್ಯವಾದರೆ ಉತ್ತರದಲ್ಲಿ ‘ನಾವು’ ಎಂಬ ಪದ ಹೆಚ್ಚು ಬರುತ್ತಿತ್ತು. ಸೋತ ಪಂದ್ಯವಾದರೆ ಆ ‘ನಾವು’ ಜಾರಿ ಹೋಗಿ ‘ಅವರು ಸೋತರು’ ಎಂಬ ಧಾಟಿ ಬರುತ್ತಿತ್ತು. ಪಂದ್ಯದ ಮಾತೆತ್ತುವ ಮೊದಲು ಅವರಿಗೊಂದು ಚಿಕ್ಕ ರಸಪ್ರಶ್ನೆ ಕೇಳಿ, ಕೆಲವರಿಗೆ ‘ನೀವು ಚೆನ್ನಾಗಿ ಉತ್ತರಿಸಿದಿರಿ’, ಕೆಲವರಿಗೆ ‘ನಿಮ್ಮದು ಕಳಪೆ’ ಎಂದು ಹೇಳಲಾಗಿತ್ತು. ಕಳಪೆ ಅನ್ನಿಸಿಕೊಂಡವರು ಗೆದ್ದ ತಂಡವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡರು. ಮನಸ್ಸಿಗೆ ಪೆಟ್ಟು ಬಿದ್ದಾಗ ಬೇರೆಯವರ ಗೆಲುವು ಮುಲಾಮಿನಂತೆ ಬೇಕಾಗುತ್ತದೆ. ಚಾಲ್ಡೀನಿ ಇದನ್ನು ಪರರ ಕೀರ್ತಿಯ ಬಿಸಿಲಲ್ಲಿ ಮೈ ಕಾಯಿಸುವುದು ಎಂಬರ್ಥದ ಹೆಸರಿನಿಂದ ಕರೆದರು. 1986ರಲ್ಲಿ ಬೇರೆ ಸಂಶೋಧಕರು ಇದರ ಮಗ್ಗುಲನ್ನೂ ತೋರಿಸಿದರು. ಗುಂಪು ಸೋತಾಗ ಜನ ಅದರಿಂದ ತಮ್ಮನ್ನು ತಾವೇ ದೂರ ಇಟ್ಟುಕೊಳ್ಳುತ್ತಾರೆ.

ಫಾರ್ವರ್ಡ್ ಬರೆದವರಿಗೆ ಕಾಣದ ಸೂಕ್ಷ್ಮ ಇಲ್ಲಿದೆ. ಚಾಲ್ಡೀನಿ ಎಣಿಸಿದವರು ಹೊರಗಿನಿಂದ ಬಂದ ಹೊಸ ಫ್ಯಾನ್‌ಗಳಲ್ಲ. ಅದೇ ಕಾಲೇಜಿನ ವಿದ್ಯಾರ್ಥಿಗಳು, ಅಂಗಿ ಮೊದಲೇ ಕೊಂಡಿಟ್ಟವರು. ಒಂದು ವಾರ ‘ನಾವು’, ಇನ್ನೊಂದು ವಾರ ‘ಅವರು’. ಗೆದ್ದೆತ್ತಿನ ಬಾಲ ಹಿಡಿಯುವವನೂ ಸೋತ ಎತ್ತಿನಿಂದ ಸರಿಯುವವನೂ ಒಬ್ಬನೇ ಮನುಷ್ಯ. ತಂಡದ ಜೊತೆ ತುಂಬ ಗಟ್ಟಿಯಾಗಿ ತನ್ನನ್ನು ಗುರುತಿಸಿಕೊಂಡವನು ಸೋಲಿನಲ್ಲೂ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ ಎಂದು ಮುಂದಿನ ಸಂಶೋಧನೆಗಳು ತೋರಿಸಿವೆ, ಅಷ್ಟು ನಿಜ. ಆದರೆ ಒಬ್ಬ ಮನುಷ್ಯ ಒಂದು ವಿಷಯದಲ್ಲಿ ಗಟ್ಟಿ, ಇನ್ನೊಂದರಲ್ಲಿ ತೆಳು. ಕಾಕಾ ಮೂವತ್ತು ವರ್ಷದಿಂದ ಒಂದೇ ಚಹಾದಂಗಡಿಗೆ ಹೋಗುತ್ತಾರೆ, ಅಲ್ಲಿನ ಚಹಾ ಚೆನ್ನಾಗಿಲ್ಲ ಎಂದು ಗೊತ್ತಿದ್ದೂ. ಕ್ರಿಕೆಟ್ ತಂಡದಿಂದ ಸಂಸಾರವನ್ನು ಅಳೆಯುವ ಫಾರ್ವರ್ಡಿಗೆ ಈ ಸಂಶೋಧನೆಗಳಲ್ಲಿ ಆಧಾರವಿಲ್ಲ.

ದೇಹಕ್ಕೂ ಗೆಲುವು ಗೊತ್ತಾಗುತ್ತದೆ. 1994ರ ವಿಶ್ವಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಬ್ರೆಜಿಲ್, ಇಟಲಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿತು. ಟಿವಿಯಲ್ಲಿ ಪಂದ್ಯ ನೋಡುತ್ತಿದ್ದ ಎರಡೂ ಕಡೆಯ ಅಭಿಮಾನಿಗಳ ಜೊಲ್ಲನ್ನು ಪಂದ್ಯಕ್ಕೆ ಮುಂಚೆ, ಆಮೇಲೆ ಪರೀಕ್ಷಿಸಿದಾಗ ಗೆದ್ದ ಕಡೆಯವರ ಟೆಸ್ಟೋಸ್ಟಿರಾನ್ ಏರಿತ್ತು, ಸೋತ ಕಡೆಯವರದ್ದು ಇಳಿದಿತ್ತು. 1998ರಲ್ಲಿ ಪ್ರಕಟವಾದ ಇದು ಸಣ್ಣ ಅಧ್ಯಯನ, ಎಲ್ಲರಿಗೂ ಅನ್ವಯಿಸಿ ಭಾಷಣ ಮಾಡುವಂಥದ್ದಲ್ಲ. ಚೆಂಡು ಮುಟ್ಟದೆ, ಕುರ್ಚಿಯಲ್ಲಿ ಕೂತೇ ಮೈ ಬಿಸಿಯಾಗುತ್ತದೆ ಎಂಬುದು ಮಾತ್ರ ನಮ್ಮೆಲ್ಲರಿಗೂ ಅನುಭವವೇ.

ಆರು ರನ್

ಗೆಲುವು ಬಂದರೆ ಸಾಕು, ಹವಾ ತಾನಾಗಿ ಏಳುತ್ತದೆ ಎಂದುಕೊಂಡರೆ ಅದೂ ತಪ್ಪು. ಬೆಂಗಳೂರಿನದ್ದೇ ಇನ್ನೊಂದು ತಂಡವನ್ನು ನೋಡಿ: ಬೆಂಗಳೂರು ಎಫ್‌ಸಿ, ಫುಟ್‌ಬಾಲ್ ಕ್ಲಬ್. 2013ರಲ್ಲಿ ಹುಟ್ಟಿತು. ಆಡಿದ ಮೊದಲ ವರ್ಷವೇ, 2013–14ರ ಐ-ಲೀಗ್ ಗೆದ್ದಿತು. 2015–16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. 2018–19ರಲ್ಲಿ ಐಎಸ್‌ಎಲ್ ಕೂಡ ಗೆದ್ದಿತು. ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಆ ನೀಲಿ ಜರ್ಸಿಯನ್ನು ನಾವು ಒಮ್ಮೆಯೂ ಕಂಡಿಲ್ಲ. ಅದೇ ಹೊತ್ತಿನಲ್ಲಿ, ಹದಿನೇಳು ಸೀಸನ್ ಆಡಿ ಒಂದೂ ಕಪ್ ತಾರದ ಆರ್‌ಸಿಬಿಯ ಕೆಂಪು ಜರ್ಸಿ ಸಂತೆಯಲ್ಲಿ ನೇತಾಡುತ್ತಿತ್ತು.

ಹಾಗಾದರೆ ಹವಾ ಏಳುವುದಕ್ಕೆ ಏನು ಬೇಕು? 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 14 ಸಾವಿರಕ್ಕೂ ಹೆಚ್ಚು ಜನರಿಗೆ, ಯಾರೂ ಕೇಳದ 48 ಹಾಡುಗಳನ್ನು ಇಂಟರ್‌ನೆಟ್‌ನಲ್ಲಿ ಕೊಡಲಾಯಿತು. ಕೆಲವರಿಗೆ ಹಾಡುಗಳು ಮಾತ್ರ ಕಾಣುತ್ತಿದ್ದವು. ಉಳಿದವರನ್ನು ಬೇರೆ ಬೇರೆ ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬ ಸಂಖ್ಯೆಯನ್ನೂ ತೋರಿಸಲಾಯಿತು. ಸಂಖ್ಯೆ ಕಂಡವರಲ್ಲಿ ಗೆದ್ದ ಹಾಡು ಇನ್ನಷ್ಟು ಗೆದ್ದಿತು, ಬಿದ್ದದ್ದು ಇನ್ನಷ್ಟು ಬಿತ್ತು. ಆದರೆ ಒಂದು ಗುಂಪಿನ ಸೂಪರ್ ಹಿಟ್ ಇನ್ನೊಂದು ಗುಂಪಿನಲ್ಲಿ ಎಲ್ಲೋ ಹಿಂದೆ. ತೀರಾ ಕಳಪೆ ಹಾಡು ಮೇಲೇರಿದ್ದು ಅಪರೂಪ, ತೀರಾ ಒಳ್ಳೆಯದು ನೆಲ ಕಚ್ಚಿದ್ದೂ ಅಪರೂಪ. ನಡುವೆ ಇದ್ದವೆಲ್ಲ ಮೊದಲು ಯಾರು ಚಪ್ಪಾಳೆ ತಟ್ಟಿದರು ಎಂಬುದರ ಮೇಲೆ ನಿಂತಿದ್ದವು. ಆರ್‌ಸಿಬಿಗೆ ಗೆಲುವಿಗಿಂತ ಮೊದಲೇ ವಿರಾಟ್ ಕೊಹ್ಲಿ ಇದ್ದರು, ‘ಈ ಸಲ ಕಪ್ ನಮ್ದೇ’ ಎಂಬ ಮಾತಿತ್ತು, ಆ ಮಾತಿನ ಮೇಲೆ ಸಾವಿರಾರು ಮೀಮ್‌ಗಳಿದ್ದವು. ತಮಾಷೆ ಮಾಡಿದವರೂ ಆ ಚಪ್ಪಾಳೆಗೆ ಕೈ ಸೇರಿಸಿದವರೇ.

ಈಗ ಆಟದ ಲೆಕ್ಕ. 2009ರ ಫೈನಲ್‌ನಲ್ಲಿ ಆರ್‌ಸಿಬಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್‌ಗಳಿಂದ ಸೋತಿತು. 2016ರ ಫೈನಲ್‌ನಲ್ಲಿ ಸನ್‌ರೈಸರ್ಸ್ ಎದುರು 8 ರನ್‌ಗಳಿಂದ ಸೋತಿತು. 2025ರಲ್ಲಿ ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ಎದುರು ಗೆದ್ದದ್ದು ಎಷ್ಟರಿಂದ? 6 ರನ್. ಆರ್‌ಸಿಬಿ 190, ಪಂಜಾಬ್ 184. ಹದಿನಾರು ವರ್ಷದ ಅಂತರದಲ್ಲಿ ಅದೇ ಆರು ರನ್, ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಆಟದಲ್ಲಿ ಇದು ಒಂದು ಸಿಕ್ಸರ್‌ನ ಮಾತು. ಹವಾದಲ್ಲಿ ಮಾತ್ರ ಒಂದು ‘ಹಣೆಬರಹ’, ಇನ್ನೊಂದು ‘ಇತಿಹಾಸ’. ಅಂದಹಾಗೆ, ಆರ್‌ಸಿಬಿಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು, 2024ರ ಮಾರ್ಚ್ 17ರಂದು ಡಬ್ಲ್ಯುಪಿಎಲ್ ಫೈನಲ್‌ನಲ್ಲಿ. ಆ ರಾತ್ರಿ ನಮ್ಮ ಕಾಕಾ ಮಲಗಿದ್ದರು.

18ರ ಲೆಕ್ಕದ ಫಾರ್ವರ್ಡ್

ಗೆಲುವಿನ ಬೆನ್ನಿಗೆ ಬಂದ ಇನ್ನೊಂದು ಸಂದೇಶದ ಬಗ್ಗೆಯೂ ಕೇಳುತ್ತೀರಿ. ಕೊಹ್ಲಿಯ ಜರ್ಸಿ ಸಂಖ್ಯೆ 18, ಅದು 18ನೇ ಐಪಿಎಲ್, ಗೆದ್ದ ದಿನ 3-6-2025, ಆ ಅಂಕಿಗಳನ್ನು ಕೂಡಿಸಿದರೂ 18! ಕೂಡಿಸಿ ನೋಡಿದೆವು, ಲೆಕ್ಕ ಸರಿಯಾಗಿಯೇ ಇದೆ.

ಆದರೆ 2025ರ ಅಂಕಿಗಳ ಮೊತ್ತ 9. ದಿನ ಮತ್ತು ತಿಂಗಳ ಅಂಕಿಗಳು ಇನ್ನೊಂದು 9 ಕೊಟ್ಟರೆ ಯಾವ ದಿನವಾದರೂ 18 ಆಗುತ್ತದೆ. ಮಾರ್ಚ್ 22ರಿಂದ ಜೂನ್ 3ರವರೆಗೆ ನಡೆದ ಆ ಐಪಿಎಲ್‌ನಲ್ಲಿ ಅಂಥ ದಿನಗಳು ಒಂಬತ್ತು: ಮಾರ್ಚ್ 24, ಏಪ್ರಿಲ್ 5, 14, 23, ಮೇ 4, 13, 22, 31, ಮತ್ತು ಜೂನ್ 3. ಅದಕ್ಕಿಂತ ಮುಖ್ಯವಾದದ್ದು, ಫೈನಲ್ ನಡೆಯಬೇಕಿದ್ದದ್ದು ಮೇ 25ಕ್ಕೆ. ಭಾರತ–ಪಾಕಿಸ್ತಾನ ಸಂಘರ್ಷದಿಂದ ಮೇ 9ರಂದು ಪಂದ್ಯಗಳು ನಿಂತವು, 17ರಂದು ಮತ್ತೆ ಶುರುವಾದವು, ಹಾಗಾಗಿ ಫೈನಲ್ ಮುಂದೆ ಹೋಯಿತು. ಮೇ 25ರ ಮೊತ್ತ 21. ಅಂದೇ ಗೆದ್ದಿದ್ದರೆ ಯಾರೂ ಕೂಡಿಸುತ್ತಿರಲಿಲ್ಲ, ಅಥವಾ ಬೇರೇನನ್ನೋ ಕೂಡಿಸುತ್ತಿದ್ದರು. ಇನ್ನು 18ನೇ ಸೀಸನ್ ಎದುರಾಳಿ ಪಂಜಾಬಿಗೂ 18ನೆಯದೇ ಆಗಿತ್ತು. ಅವರೂ 2008ರಿಂದ ಕಪ್ ಕಾಯುತ್ತಿದ್ದವರು. ಕೊನೆಯ ಓವರಿನಲ್ಲಿ ಎರಡು ಹೊಡೆತ ಹೆಚ್ಚು ಬಿದ್ದಿದ್ದರೆ ಇದೇ 18 ಪಂಜಾಬಿಯಲ್ಲಿ ಓಡಾಡುತ್ತಿತ್ತು.

ಗೆದ್ದ ಮೇಲೆ ಕಾರಣ ಹುಡುಕುವುದು ಸುಲಭ. ಕರಿ ಹರಿದದ್ದು ಬಿಳಿ ಎತ್ತಾದರೆ ಬಿಳಿಜೋಳ ಚಲೋ ಬರುತ್ತದೆ ಅನ್ನುವ ನಂಬಿಕೆಯೂ ಹಾಗೆಯೇ ಉಳಿದುಕೊಂಡದ್ದು. ಬಂದ ವರ್ಷ ನೆನಪಿರುತ್ತದೆ, ಬಾರದ ವರ್ಷ ಮಳೆಯ ತಲೆಗೆ ಕಟ್ಟುತ್ತೇವೆ.

ಇದೇ ಬಾಲ ಹಿಡಿಯುವ ಗುಣ ಕ್ರಿಕೆಟ್ ಬಿಟ್ಟು ಹೊಲಕ್ಕೆ ಬಂದಾಗ ನಗುವ ವಿಷಯವಾಗಿ ಉಳಿಯುವುದಿಲ್ಲ. ನಮ್ಮ ಕಡೆಯ ರೈತರಿಗೆ 2015 ನೆನಪಿರಬಹುದು. ತೊಗರಿಬೇಳೆ ಕಿಲೋಗೆ 200 ರೂಪಾಯಿ ಹತ್ತಿರ ಹೋಗಿತ್ತು. ಮರುವರ್ಷ ಕಂಡಕಂಡವರೆಲ್ಲ ತೊಗರಿ ಬಿತ್ತಿದರು. ಮಳೆಯೂ ಕೈ ಹಿಡಿಯಿತು. ದೇಶದ ತೊಗರಿ ಇಳುವರಿ ಸುಮಾರು 25 ಲಕ್ಷ ಟನ್‌ನಿಂದ 48 ಲಕ್ಷ ಟನ್ ದಾಟಿತು. ಬೆಲೆ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 5,050 ರೂಪಾಯಿಗಿಂತ ಕೆಳಗೆ ಬಿತ್ತು, ಖರೀದಿ ಕೇಂದ್ರದ ಮುಂದೆ ಚೀಲಗಳ ಸಾಲು ನಿಂತಿತು. ಅಲ್ಲಿ ಯಾರೂ ದಡ್ಡರಲ್ಲ. ಪಕ್ಕದ ಹೊಲದವನು ಗೆದ್ದದ್ದನ್ನು ಕಣ್ಣಾರೆ ಕಂಡವರು. ಒಬ್ಬೊಬ್ಬರ ಲೆಕ್ಕವೂ ಸರಿ, ಎಲ್ಲರೂ ಒಟ್ಟಿಗೆ ಅದೇ ಲೆಕ್ಕ ಹಾಕಿದ್ದೇ ತೊಂದರೆ. ಜನಜಂಗುಳಿಯಲ್ಲಿ ಆಗುವುದೂ ಇದೇ.

ಮರುದಿನ

ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಹತ್ತಾರು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು. ಕ್ರೀಡಾಂಗಣದಲ್ಲಿ ಸುಮಾರು 35 ಸಾವಿರ ಜನ ಕೂರಬಹುದು. ಎರಡು–ಮೂರು ಲಕ್ಷ ಜನ ಬಂದರು ಎಂದು ಮುಖ್ಯಮಂತ್ರಿಗಳೇ ಹೇಳಿದರು. ಯಾರ ತಪ್ಪು ಎಷ್ಟು ಎಂಬುದು ವಿಚಾರಣಾ ಆಯೋಗದ, ನ್ಯಾಯಾಲಯದ ಮುಂದೆ ಹೋದ ವಿಷಯ, ಅದನ್ನು ನಾವಿಲ್ಲಿ ತೀರ್ಮಾನಿಸುವುದಿಲ್ಲ. ನಾವು ಹೇಳಬಹುದಾದದ್ದು ನಮ್ಮ ಮೊಬೈಲಿನೊಳಗಿನ ಕಥೆ.

ಆ ಮಧ್ಯಾಹ್ನ ಮನೆಯ ಗುಂಪಿಗೆ ಒಂದು ಸಂದೇಶ ಬಂತು: ಸಂಜೆ 5ಕ್ಕೆ ವಿಜಯೋತ್ಸವ ಮೆರವಣಿಗೆ, ಆಮೇಲೆ ಸ್ಟೇಡಿಯಂ ಒಳಗೆ ಕಾರ್ಯಕ್ರಮ, ಉಚಿತ ಪ್ರವೇಶ. ಹಾಕಿದವರು ಕಾಕಾ ಅಲ್ಲ. ನಾವೇ. ಸಂವಹನದಲ್ಲಿ ಎಂ.ಎ. ಮಾಡಿ, ದಿನವಿಡೀ ಬೇರೆಯವರ ಫಾರ್ವರ್ಡ್ ಪರಿಶೀಲಿಸುವ ನಾವು. ಮೆರವಣಿಗೆ ಇರುವುದಿಲ್ಲ ಎಂದು ಸಂಚಾರ ಪೊಲೀಸರು ಆಗಲೇ ತಿಳಿಸಿದ್ದರು. ಹುಡುಕಿದ್ದರೆ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು. ಹುಡುಕಲಿಲ್ಲ, ಏಕೆಂದರೆ ಅದು ‘ನಮ್ಮ’ ಸುದ್ದಿ, ಸಿಹಿ ಸುದ್ದಿ. ಸಿಟ್ಟು ಬರಿಸುವ ಫಾರ್ವರ್ಡನ್ನು ಅನುಮಾನದಿಂದ ನೋಡಲು ನಾವು ಕಲಿತಿದ್ದೆವು. ಖುಷಿ ಕೊಡುವುದನ್ನು ಹಾಗೆ ನೋಡಲು ಕಲಿತಿರಲಿಲ್ಲ. ಗೆಲುವಿನ ಖುಷಿಗೆ ಮೂರು ತಿಂಗಳ ರಿಚಾರ್ಜ್ ಉಚಿತ ಎಂಬ ಲಿಂಕ್‌ಗಳು ಬರುವುದೂ ಇಂಥ ಹೊತ್ತಿನಲ್ಲೇ. ಮೋಸಗಾರರಿಗೆ ನಮ್ಮ ಮನಸ್ಸು ಚೆನ್ನಾಗಿ ಗೊತ್ತು.

ಬೆಂಗಳೂರಿನಲ್ಲಿ ಓದುತ್ತಿದ್ದ ಕಾಕಾನ ಮಗ ಅದನ್ನು ನೋಡಿ ಹೊರಟ.

ಒಂದು ಹಳೆಯ ಪ್ರಯೋಗ ಇಲ್ಲಿ ನೆನಪಾಗುತ್ತದೆ. 1969ರಲ್ಲಿ ಪ್ರಕಟವಾದದ್ದು. ನ್ಯೂಯಾರ್ಕಿನ ಒಂದು ಬೀದಿಯಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಸಂಗಡಿಗರು ತಮ್ಮ ಕಡೆಯ ಒಬ್ಬನನ್ನು ನಿಲ್ಲಿಸಿ, ಎದುರು ಕಟ್ಟಡದ ಆರನೇ ಮಹಡಿಯ ಕಿಟಕಿಯನ್ನು ನೋಡುತ್ತಿರಲು ಹೇಳಿದರು. ದಾರಿಹೋಕರಲ್ಲಿ ನೂರಕ್ಕೆ 4 ಮಂದಿ ಅವನ ಜೊತೆ ನಿಂತರು. ಹಾಗೆ ನೋಡುವವರು 15 ಜನ ಆದಾಗ ನೂರಕ್ಕೆ 40 ಮಂದಿ ನಿಂತರು. ಕಿಟಕಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ನಾಲ್ಕು ಜನ ಹೊರಟದ್ದನ್ನು ಕಂಡು ನಲವತ್ತು, ನಲವತ್ತನ್ನು ಕಂಡು ನಾನೂರು. ಫೋನಿನಲ್ಲಾದರೆ ಆ ನಾಲ್ಕು ಜನ ಕಾಣಲೇಬೇಕೆಂದಿಲ್ಲ, ಸ್ಟೇಟಸ್ ಕಂಡರೆ ಸಾಕು.

‘ಕಾಲ್ತುಳಿತ’ ಎಂಬ ಪದದ ತಪ್ಪು

ಇಂಥ ದುರಂತಗಳನ್ನು ನಾವು ಕಾಲ್ತುಳಿತ ಎಂದು ಕರೆಯುತ್ತೇವೆ. ಪದ ಕೇಳಿದರೆ ಕಣ್ಣ ಮುಂದೆ ಬರುವ ಚಿತ್ರ ಬೆದರಿದ ದನಗಳದ್ದು. ಹುಚ್ಚೆದ್ದು ಓಡುವ ಜನ, ಕೆಳಗೆ ಬಿದ್ದವರನ್ನು ತುಳಿಯುವ ಜನ. ಜನಜಂಗುಳಿಯ ದುರಂತಗಳಲ್ಲಿ ಹೆಚ್ಚಾಗಿ ಆಗುವುದು ಹಾಗಲ್ಲ. ಜನ ಓಡುವುದಿಲ್ಲ, ಓಡಲು ಜಾಗವೇ ಇರುವುದಿಲ್ಲ. ನಿಂತಲ್ಲೇ ಸಾಯುತ್ತಾರೆ.

ಒಂದು ಚದರ ಮೀಟರ್ ಅಂದರೆ ಹೊರಸಿನ ಅರ್ಧಕ್ಕಿಂತ ತುಸು ಹೆಚ್ಚು ಜಾಗ. ಅಲ್ಲಿ ಇಬ್ಬರು ಮೂವರು ನಿಂತರೆ ಆರಾಮ. ಐದು ಜನ ಆದರೆ ಎಚ್ಚರ ಬೇಕು. ಏಳರ ಹತ್ತಿರ ಹೋದರೆ ಗುಂಪು ಮನುಷ್ಯರದ್ದಾಗಿ ಉಳಿಯುವುದಿಲ್ಲ, ನೀರಿನಂತಾಗುತ್ತದೆ ಎಂದು ಜನಜಂಗುಳಿಯ ತಜ್ಞ ಜಾನ್ ಫ್ರೂಯಿನ್ ವಿವರಿಸಿದ್ದಾರೆ. ಹಿಂದಿನ ಒಂದು ತಳ್ಳು ಅಲೆಯಾಗಿ ಮುಂದಕ್ಕೆ ಸಾಗುತ್ತದೆ, ಕಾಲು ನೆಲ ಬಿಡುತ್ತದೆ, ಮನುಷ್ಯ ತೇಲುತ್ತಾನೆ. ಎದೆಯ ಮೇಲೆ ಎಲ್ಲ ಕಡೆಯಿಂದ ಒತ್ತಡ ಬೀಳುತ್ತದೆ. ಉಸಿರು ಬಿಟ್ಟ ಮೇಲೆ ಮತ್ತೆ ಎಳೆದುಕೊಳ್ಳಲು ಪಕ್ಕೆಲುಬು ಅಗಲವಾಗಬೇಕು, ಅದಕ್ಕೆ ಜಾಗವಿರುವುದಿಲ್ಲ. ಹಿಂದೆ ನಿಂತವನಿಗೆ ಇದಾವುದೂ ಕಾಣುವುದಿಲ್ಲ. ಅವನಿಗೆ ಕಾಣುವುದು ಮುಂದಿನವನ ಬೆನ್ನು, ದೂರದ ಗೇಟು. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ ಹೀಗೆ ಇಕ್ಕಟ್ಟಿನಲ್ಲಿ ಸಿಕ್ಕವರಲ್ಲಿ 97 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿಯೂ ಮೊದಲು ಬೈಗುಳ ತಿಂದವರು ಅಭಿಮಾನಿಗಳೇ. ಅವರ ತಪ್ಪಿರಲಿಲ್ಲ ಎಂದು ನ್ಯಾಯಾಲಯದ ತೀರ್ಪುಗಾರರು ಹೇಳಲು 2016 ಬರಬೇಕಾಯಿತು.

ಪದ ಯಾಕೆ ಮುಖ್ಯ ಅಂದರೆ, ಕಾಲ್ತುಳಿತ ಅಂದ ಕೂಡಲೇ ತಪ್ಪು ತುಳಿದವರದ್ದಾಗುತ್ತದೆ. ಇಕ್ಕಟ್ಟು ಅಂದರೆ ಗೇಟು ಎಷ್ಟಿತ್ತು, ಎಷ್ಟು ಅಗಲ, ಯಾವಾಗ ತೆರೆಯಿತು, ಎಷ್ಟು ಜನರನ್ನು ಕರೆದಿದ್ದರು ಎಂಬ ಪ್ರಶ್ನೆ ಏಳುತ್ತದೆ.

ಹಾಗೆ ಸಿಕ್ಕಿಕೊಂಡರೆ ಏನು ಮಾಡಬೇಕು? ಮೊದಲನೆಯದು, ಸಿಕ್ಕಿಕೊಳ್ಳುವ ಮುಂಚೆ ಬಿಟ್ಟು ಬರಬೇಕು. ನಿಮ್ಮ ಎರಡೂ ಭುಜಕ್ಕೆ ಅಪರಿಚಿತರ ಮೈ ಒತ್ತುತ್ತಿದೆ, ಕೈ ಎತ್ತಿ ಮುಖ ಮುಟ್ಟಿಕೊಳ್ಳಲು ಕಷ್ಟವಾಗುತ್ತಿದೆ ಅಂದರೆ ಅದೇ ಕೊನೆಯ ಗಂಟೆ, ಆಗಲೇ ಹಿಂದಿರುಗಿ. ತಡವಾಗಿದ್ದರೆ ಎರಡೂ ಕೈಗಳನ್ನು ಮಡಚಿ ಎದೆಯ ಮುಂದೆ ಹಿಡಿಯಿರಿ, ಪಕ್ಕೆಲುಬಿಗೆ ಸ್ವಲ್ಪವಾದರೂ ಜಾಗ ಸಿಗುತ್ತದೆ. ಕೂಗಾಡಿ ಉಸಿರು ಕಳೆಯಬೇಡಿ. ಫೋನು, ಚಪ್ಪಲಿ ಬಿದ್ದರೆ ಬಗ್ಗಬೇಡಿ. ಅಲೆ ಬಂದಾಗ ಎದುರು ತಳ್ಳದೆ ಅದರ ಜೊತೆ ಹೋಗಿ, ಅಲೆ ತಗ್ಗಿದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಗೋಡೆ, ಕಂಬಿ, ಗೇಟಿನಿಂದ ದೂರವಿರಿ. ಬಿದ್ದೇ ಬಿಟ್ಟರೆ ಬೆನ್ನ ಮೇಲೆ ಮಲಗದೆ ಮಗ್ಗುಲಾಗಿ, ಮೊಣಕಾಲು ಎದೆಗೆ ಎಳೆದುಕೊಂಡು ತಲೆಯನ್ನು ಕೈಯಿಂದ ಮುಚ್ಚಿಕೊಳ್ಳಿ. ಜಾತ್ರೆಯಲ್ಲಿ, ತೇರಿನ ಮುಂದೆ, ಹಬ್ಬದ ಹಿಂದಿನ ರಾತ್ರಿಯ ರೈಲ್ವೆ ಸ್ಟೇಷನ್ನಿನಲ್ಲೂ ಇದೇ ಲೆಕ್ಕ. ಮಕ್ಕಳು ಜೊತೆಗಿದ್ದರೆ ಅಂಥ ಕಡೆ ನಡುವಿಗೆ ಹೋಗಲೇಬೇಡಿ. ಎತ್ತಿಕೊಂಡರೂ ನಿಮ್ಮ ಕೈಗಳು ಎದೆ ಕಾಯಲಾರವು.

‘ಅವ್ರು ಯಾಕ ಹೋಗಬೇಕಿತ್ತು?’

ಆ ಸಂಜೆ ಸಾವಿನ ಸುದ್ದಿ ಬರುತ್ತಿದ್ದಂತೆ ಗುಂಪಿನ ಭಾಷೆ ಬದಲಾಯಿತು. ಆಮೇಲೆ ಮೇಲಕ್ಕೆ ಸರಿಸಿ ಓದಿದಾಗಲೇ ನಮಗೆ ಗೊತ್ತಾದದ್ದು. ಹಿಂದಿನ ರಾತ್ರಿ ‘ಗೆದ್ವಿ’, ‘ನಮ್ದಾತು’, ‘ನಮ್ಮ ಹುಡುಗ್ರು’. ಮರುದಿನ ಸಂಜೆ ‘ಅವ್ರು ಯಾಕ ಹೋಗಬೇಕಿತ್ತು?’, ‘ಈ ಹುಚ್ಚ ಫ್ಯಾನ್‌ಗಳಿಗೆ ಬುದ್ಧಿ ಇಲ್ಲ’, ‘ಮನಿಯವ್ರು ಹೆಂಗ ಬಿಟ್ರು?’. ಒಂದೇ ದಿನದಲ್ಲಿ, ಒಂದೇ ಬೆರಳುಗಳಿಂದ. ‘ನಿಜವಾದ ಫ್ಯಾನ್’ ಫಾರ್ವರ್ಡ್ ಆ ರಾತ್ರಿ ಮತ್ತೆ ಬಂತು, ಸತ್ತವರು ಗೆದ್ದಾಗ ಮಾತ್ರ ಬಂದವರು ಎಂಬ ಹೊಸ ಸಾಲು ಸೇರಿಸಿಕೊಂಡು. ಯಾರಿಗೆ ಗೊತ್ತು ಅವರು ಎಷ್ಟು ವರ್ಷದಿಂದ ಕಾದಿದ್ದರು? ನಿನ್ನೆಯೇ ಬಂದವರಾದರೂ ಏನು?

ಚಾಲ್ಡೀನಿಯ ಫೋನಿನಲ್ಲಿ ‘ನಾವು’ ಕಳೆದುಹೋದದ್ದು ಒಂದು ಪಂದ್ಯ ಸೋತಾಗ. ನಮ್ಮ ಗುಂಪಿನಲ್ಲಿ ಕಳೆದುಹೋದದ್ದು 11 ಹೆಣ ಬಿದ್ದಾಗ.

ಕಾಕಾ ಅಷ್ಟು ಹೊತ್ತು ಏನೂ ಬರೆದಿರಲಿಲ್ಲ. ಮಗನ ಫೋನ್ ಹತ್ತುತ್ತಿರಲಿಲ್ಲ, ಆ ಸುತ್ತಿನಲ್ಲಿ ಯಾರ ಫೋನೂ ಹತ್ತುತ್ತಿರಲಿಲ್ಲವಂತೆ. ಎಂಟು ಗಂಟೆ ಸುಮಾರಿಗೆ ಅವನೇ ಮಾಡಿದ. ಜನ ಹೆಚ್ಚಿದ್ದರಿಂದ ಮೆಟ್ರೋ ರೈಲನ್ನು ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ನಿಲ್ಲಿಸಿರಲಿಲ್ಲ, ಮುಂದೆ ಇಳಿದು ಬೇಸರ ಮಾಡಿಕೊಂಡು ರೂಮಿಗೆ ವಾಪಸಾಗಿದ್ದ. ಬ್ಯಾಟರಿ ಮುಗಿದಿತ್ತು. ಕಾಕಾ ಗುಂಪಿನಲ್ಲಿ ಬರೆದದ್ದು ಎರಡೇ ಸಾಲು: ‘ನಮ್ಮ ಹುಡುಗ ಮನ್ಯಾಗ ಅದಾನ. ಹನ್ನೊಂದು ಮಂದಿ ಹೋದ್ರಲ್ಲ, ಅವ್ರೂ ನಮ್ಮ ಹುಡುಗ್ರ ಅದಾರ, ಬೈಯಬ್ಯಾಡ್ರಿ.’

ಅದರ ಕೆಳಗೆ ನಾವು ಮಧ್ಯಾಹ್ನ ಹಾಕಿದ್ದ ಫಾರ್ವರ್ಡ್ ತಪ್ಪಾಗಿತ್ತು ಎಂದು ಬರೆದೆವು. ಅಳಿಸಲು ಹೋದರೆ ಸಮಯ ಮೀರಿರಲಿಲ್ಲ, ಆದರೂ ಅಳಿಸಲಿಲ್ಲ. ಅಳಿಸಿದ್ದರೆ ಅದನ್ನು ನೋಡಿ ಬೇರೆ ಗುಂಪಿಗೆ ಕಳಿಸಿದವರಿಗೆ ತಪ್ಪಾಗಿತ್ತೆಂದು ತಿಳಿಯುತ್ತಲೇ ಇರಲಿಲ್ಲ.